ಸುತ್ತಿದಲ್ಲೇ ಸುತ್ತುವ ಸುಳಿ ಬಿಸಿಯನ್ನು ಸಾಗಿಸುವುದು ಹೇಗೆ?

ಪ್ರಶ್ನೆ: ನಾನು ಕುಂದಾಪುರದ ಕಡೆಯವನು. ಸಮುದ್ರದ ಪ್ರವಾಹಗಳು ಭೂಮಿಯ ಬಿಸಿಯನ್ನು ಹಂಚುತ್ತವೆ ಅಂತ ಓದಿದೆ. ಪ್ರವಾಹ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹರಿಯುತ್ತದೆ, ಹಾಗಾಗಿ ಅದು ಅರ್ಥವಾಗುತ್ತದೆ. ಆದರೆ ಸುಳಿಗಳೂ ಬಿಸಿ ಸಾಗಿಸುತ್ತವೆ ಎಂದಿತ್ತು. ಸುಳಿಯಲ್ಲಿ ನೀರು ಸುತ್ತಿದಲ್ಲೇ ಸುತ್ತುತ್ತದೆ. ಎಷ್ಟು ಹೋಯಿತೋ ಅಷ್ಟೇ ವಾಪಸ್ ಬರುತ್ತದೆ. ಹಾಗಿದ್ದರೆ ಬಿಸಿ ಸಾಗುವುದು ಹೇಗೆ? ನಮ್ಮ ಅರಬ್ಬಿ ಸಮುದ್ರದಲ್ಲೂ ಇಂಥದ್ದು ನಡೆಯುತ್ತದಾ? ಮೇ ತಿಂಗಳಲ್ಲಿ ಅಷ್ಟು ಬಿಸಿಯಾಗಿದ್ದ ಸಮುದ್ರ ಮಳೆಗಾಲದಲ್ಲಿ ತಣ್ಣಗಾಗುತ್ತದಲ್ಲ, ಆ ಬಿಸಿಯೆಲ್ಲ ಎಲ್ಲಿ ಹೋಗುತ್ತದೆ?

ಉತ್ತರ: ನಿಮ್ಮ ಅನುಮಾನ ಸರಿಯಾದ ಜಾಗದಲ್ಲೇ ಎದ್ದಿದೆ. ಸುಳಿಯಲ್ಲಿ ಹೋದಷ್ಟೇ ನೀರು ವಾಪಸ್ ಬರುತ್ತದೆ, ಅದು ನಿಜ. ಆದರೆ ನೀರಿನ ಲೆಕ್ಕ ಸೊನ್ನೆಯಾದ ಮಾತ್ರಕ್ಕೆ ಬಿಸಿಯ ಲೆಕ್ಕವೂ ಸೊನ್ನೆಯಾಗಬೇಕಿಲ್ಲ. ಹಬ್ಬದ ಹಿಂದಿನ ದಿನ ಬೆಂಗಳೂರಿನಿಂದ ಮಂಗಳೂರಿಗೆ ಹೊರಡುವ ಬಸ್ಸುಗಳನ್ನು ನೆನಪಿಸಿಕೊಳ್ಳಿ. ಬರುವಾಗ ಎಲ್ಲವೂ ಭರ್ತಿ, ಹಿಂದಿರುಗುವಾಗ ಅರ್ಧ ಖಾಲಿ. ಬಂದ ಬಸ್ಸು, ಹೋದ ಬಸ್ಸು ಎರಡೂ ಅಷ್ಟೇ. ಆದರೂ ಸಾವಿರಾರು ಜನ ಊರು ತಲುಪಿರುತ್ತಾರೆ. ಸಮುದ್ರದಲ್ಲಿ ಬಸ್ಸಿನ ಜಾಗದಲ್ಲಿ ನೀರಿದೆ, ಜನರ ಜಾಗದಲ್ಲಿ ಬಿಸಿ ಇದೆ. ಹೋಗುವ ನೀರಿಗೂ ಬರುವ ನೀರಿಗೂ ಎಷ್ಟು ಡಿಗ್ರಿ ವ್ಯತ್ಯಾಸ ಇದೆ ಅನ್ನುವುದೇ ಇಲ್ಲಿ ಮುಖ್ಯ.

ಸುಮ್ನೆ ಒಂದು ಲೆಕ್ಕ ಹಾಕೋಣ. ಒಂದು ಸಾಧಾರಣ ಸುಳಿ ಇದೆ ಅಂದುಕೊಳ್ಳಿ. ಅದರ ಒಂದು ಮಗ್ಗುಲಲ್ಲಿ 50 ಕಿಲೋಮೀಟರ್ ಅಗಲ, 100 ಮೀಟರ್ ಆಳದ ನೀರು ಸೆಕೆಂಡಿಗೆ 20 ಸೆಂಟಿಮೀಟರ್ ವೇಗದಲ್ಲಿ ಉತ್ತರಕ್ಕೆ ಹೋಗುತ್ತಿದೆ. ಇನ್ನೊಂದು ಮಗ್ಗುಲಲ್ಲಿ ಅಷ್ಟೇ ನೀರು ಅಷ್ಟೇ ವೇಗದಲ್ಲಿ ದಕ್ಷಿಣಕ್ಕೆ ಬರುತ್ತಿದೆ. ಹೋಗುವ ನೀರು 28 ಡಿಗ್ರಿ, ಬರುವ ನೀರು 26 ಡಿಗ್ರಿ. ಎರಡು ಕಡೆಯೂ ಸೆಕೆಂಡಿಗೆ 10 ಲಕ್ಷ ಘನ ಮೀಟರ್ ನೀರು, ಹಾಗಾಗಿ ನೀರಿನ ಲೆಕ್ಕ ಸೊನ್ನೆ. ಆದರೆ ಆ ಎರಡೇ ಎರಡು ಡಿಗ್ರಿ ವ್ಯತ್ಯಾಸದಿಂದ ಉತ್ತರಕ್ಕೆ ಸಾಗುವ ಬಿಸಿ ಸುಮಾರು 80 ಲಕ್ಷ ಮೆಗಾವ್ಯಾಟ್. ನಮ್ಮ ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1035 ಮೆಗಾವ್ಯಾಟ್. ಅಂಥ ಎಂಟು ಸಾವಿರದಷ್ಟು ಶರಾವತಿಗಳು ಒಂದೇ ಒಂದು ಸುಳಿಯಲ್ಲಿವೆ. ಸಮುದ್ರದಲ್ಲಿ ಇಂಥ ಸುಳಿಗಳು ಯಾವಾಗ ನೋಡಿದರೂ ಸಾವಿರಗಟ್ಟಲೆ ಇರುತ್ತವೆ.

ಇಲ್ಲಿ ಒಂದು ಷರತ್ತಿದೆ, ಇದನ್ನು ಬಹಳ ಕಡೆ ಬಿಟ್ಟೇ ಹೇಳುತ್ತಾರೆ. ಉತ್ತರಕ್ಕೆ ಹೋದ ಬೆಚ್ಚಗಿನ ನೀರು ಅದೇ ಬಿಸಿಯನ್ನು ಹೊತ್ತುಕೊಂಡು ಒಂದು ಸುತ್ತು ಹೊಡೆದು ವಾಪಸ್ ಬಂದರೆ ಏನೂ ಸಾಗಿಲ್ಲ ಅಂತಲೇ ಅರ್ಥ. ಅದು ಹೋದ ಕಡೆ ತನ್ನ ಬಿಸಿಯನ್ನು ಬಿಟ್ಟು ಬರಬೇಕು. ಸ್ವಲ್ಪ ಬಿಸಿಯನ್ನು ಮೇಲಿನ ಗಾಳಿಗೆ ಕೊಡುತ್ತದೆ. ಇನ್ನು ಸ್ವಲ್ಪವನ್ನು ಅಕ್ಕಪಕ್ಕದ ನೀರಿಗೆ ಕೊಡುತ್ತದೆ. ಸುಳಿ ತಿರುಗುತ್ತಾ ಹೋದ ಹಾಗೆ ಅದರ ಅಂಚಿನಲ್ಲಿ ಬೆಚ್ಚಗಿನ ನೀರೂ ತಣ್ಣಗಿನ ನೀರೂ ಉದ್ದುದ್ದ ಎಳೆಗಳಾಗಿ ಎಳೆದುಕೊಳ್ಳುತ್ತವೆ. ಎಳೆ ತೆಳುವಾದಷ್ಟೂ ಎರಡೂ ತಾಗುವ ಜಾಗ ಜಾಸ್ತಿ, ಬೆರೆಯುವುದು ಸುಲಭ. ಒಮ್ಮೆ ಬೆರೆತ ಮೇಲೆ ಆ ಬಿಸಿ ಅಲ್ಲಿನದೇ ಆಗಿಬಿಡುತ್ತದೆ. ಉಪಗ್ರಹದ ಚಿತ್ರಗಳಲ್ಲಿ ಸುಳಿಯ ಸುತ್ತ ಕಾಣುವ ಬಾಲಗಳೆಲ್ಲ ಈ ಎಳೆಗಳೇ.

ಸುಳಿ ಬಿಸಿ ಸಾಗಿಸುವ ಇನ್ನೊಂದು ದಾರಿ ಇನ್ನೂ ನೇರವಾದದ್ದು. ದೊಡ್ಡ ಪ್ರವಾಹವೊಂದು ಅಂಕುಡೊಂಕಾಗಿ ಬಳುಕಿ, ಒಂದು ಬಳುಕು ತುಂಡಾಗಿ, ಬೇರೆಯಾಗಿಯೇ ಹೊರಟುಬಿಡುತ್ತದೆ. ಒಳಗಿನ ನೀರು ಸುಲಭಕ್ಕೆ ಹೊರಗೆ ಸೋರುವುದಿಲ್ಲ. ಇಡೀ ಸುಳಿಯೇ ತನ್ನ ನೀರನ್ನು, ಬಿಸಿಯನ್ನು, ಉಪ್ಪನ್ನು ಕಟ್ಟಿಕೊಂಡು ಪ್ರಯಾಣ ಮಾಡುತ್ತದೆ. ಇದರ ಒಳ್ಳೆಯ ಉದಾಹರಣೆ ನಮ್ಮ ಹಿಂದೂ ಮಹಾಸಾಗರದಲ್ಲೇ ಇದೆ. ಆಫ್ರಿಕಾದ ಪೂರ್ವ ಕರಾವಳಿಗುಂಟ ದಕ್ಷಿಣಕ್ಕೆ ಇಳಿಯುವ ಅಗುಲ್ಹಾಸ್ ಪ್ರವಾಹ ಖಂಡದ ತುದಿ ದಾಟುತ್ತಿದ್ದಂತೆ ಹಿಂದಕ್ಕೆ ತಿರುಗಿ ಪೂರ್ವಕ್ಕೆ ಹರಿಯುತ್ತದೆ. ಆ ತಿರುವಿನಲ್ಲಿ ವರ್ಷಕ್ಕೆ ಐದಾರು ಸುಳಿಗಳು ಕಿತ್ತುಕೊಂಡು ಅಟ್ಲಾಂಟಿಕ್ ಸಾಗರಕ್ಕೆ ನುಗ್ಗುತ್ತವೆ. ಒಂದೊಂದೂ 200-300 ಕಿಲೋಮೀಟರ್ ಅಗಲ. ಹಿಂದೂ ಮಹಾಸಾಗರದ ಬೆಚ್ಚಗಿನ ಉಪ್ಪುನೀರು ಅಟ್ಲಾಂಟಿಕ್ ಸೇರುವ ಮುಖ್ಯ ದಾರಿ ಇದು.

ಹಾಗಂತ ಎಲ್ಲ ಕಡೆಯೂ ಸುಳಿಗಳದ್ದೇ ಕಾರುಬಾರು ಅಂದುಕೊಳ್ಳಬೇಡಿ. ಉತ್ತರ ಅಟ್ಲಾಂಟಿಕ್‌ನಲ್ಲಿ ನಿಮಗೆ ಅರ್ಥವಾದ ನೇರ ಪ್ರವಾಹವೇ ದೊಡ್ಡ ಕೆಲಸ ಮಾಡುತ್ತದೆ. ಫ್ಲೋರಿಡಾದ ಪಕ್ಕದಲ್ಲಿ ಸೆಕೆಂಡಿಗೆ ಸುಮಾರು 3 ಕೋಟಿ ಘನ ಮೀಟರ್ ಬೆಚ್ಚಗಿನ ನೀರು ಉತ್ತರಕ್ಕೆ ಹರಿಯುತ್ತದೆ. ಪ್ರಪಂಚದ ಎಲ್ಲ ನದಿಗಳನ್ನೂ ಸೇರಿಸಿದರೆ ಸೆಕೆಂಡಿಗೆ ಸುಮಾರು 12 ಲಕ್ಷ ಘನ ಮೀಟರ್, ಅಷ್ಟೇ. ಆ ಸಾಗರದಲ್ಲಿ ತಣ್ಣಗಿನ ನೀರು ಸಾವಿರಾರು ಮೀಟರ್ ಆಳದಲ್ಲಿ ದಕ್ಷಿಣಕ್ಕೆ ವಾಪಸ್ ಬರುತ್ತದೆ. 2004ರಿಂದ ಅಲ್ಲಿ ಸುಮಾರು 26 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ ಸಾಗರದ ಅಡ್ಡಕ್ಕೂ ಉಪಕರಣಗಳನ್ನು ಇಳಿಬಿಟ್ಟು ಅಳೆಯುತ್ತಿದ್ದಾರೆ. ಉತ್ತರಕ್ಕೆ ಸಾಗುವ ಬಿಸಿ ಸರಾಸರಿ 120 ಕೋಟಿ ಮೆಗಾವ್ಯಾಟ್ ಆಸುಪಾಸು.

ಅಂಟಾರ್ಕ್ಟಿಕಾದ ಸುತ್ತಲಿನ ಸಾಗರದಲ್ಲಿ ಇದು ಪೂರ್ತಿ ತಿರುವುಮುರುವು. ಅಲ್ಲಿ ಸೆಕೆಂಡಿಗೆ 13 ಕೋಟಿ ಘನ ಮೀಟರಿಗೂ ಜಾಸ್ತಿ ನೀರು ಭೂಮಿಯನ್ನೇ ಸುತ್ತುತ್ತದೆ, ಯಾವಾಗಲೂ ಪಶ್ಚಿಮದಿಂದ ಪೂರ್ವಕ್ಕೆ. ದಾರಿಗೆ ಅಡ್ಡ ಬರುವ ಖಂಡ ಇಲ್ಲ. ಅಡ್ಡಗೋಡೆ ಇಲ್ಲದ ಕಡೆ ಫ್ಲೋರಿಡಾದ ಹಾಗೆ ದಡಕ್ಕೆ ಒರಗಿಕೊಂಡು ಧ್ರುವದ ಕಡೆ ಹರಿಯುವ ಪ್ರವಾಹ ಹುಟ್ಟುವುದಿಲ್ಲ. ಹಾಗಾದರೆ ಉತ್ತರದ ಬಿಸಿ ಈ ಪ್ರವಾಹವನ್ನು ದಾಟಿ ಅಂಟಾರ್ಕ್ಟಿಕಾದ ಕಡೆ ಹೋಗುವುದು ಹೇಗೆ? ಬಹುಪಾಲು ಸುಳಿಗಳ ಮೂಲಕವೇ. ನಿಮ್ಮ ಪ್ರಶ್ನೆಗೆ ಇದಕ್ಕಿಂತ ಗಟ್ಟಿಯಾದ ಉತ್ತರ ಇಡೀ ಪ್ರಪಂಚದಲ್ಲಿ ಇನ್ನೊಂದಿಲ್ಲ ಅಂತ ನನಗೆ ಅನಿಸುತ್ತದೆ. ಸುಳಿಗಳು ಇಲ್ಲದಿದ್ದರೆ ಅಲ್ಲಿ ದಾರಿಯೇ ಇಲ್ಲ.

ಈಗ ಸುಳಿ ಅಂದರೆ ಕಣ್ಣಮುಂದೆ ಬರುವ ಚಿತ್ರವನ್ನು ಸ್ವಲ್ಪ ಬದಲಾಯಿಸಿಕೊಳ್ಳಬೇಕು. ಹೊಳೆಯ ಸುಳಿ ಕಾಲು ಹಿಡಿದು ಎಳೆಯುತ್ತದೆ. ಸಮುದ್ರದ ಈ ಸುಳಿಯ ಮಧ್ಯೆ ನಿಮ್ಮ ದೋಣಿ ನಿಂತಿದ್ದರೂ ಗೊತ್ತಾಗುವುದಿಲ್ಲ. ಅಗಲ ನೂರಿನ್ನೂರು ಕಿಲೋಮೀಟರ್, ಆಳ ಕೆಲವು ನೂರು ಮೀಟರ್. ಅಂಚಿನ ನೀರು ಒಂದು ಸುತ್ತು ಮುಗಿಸುವುದಕ್ಕೆ ಎರಡು ವಾರ ಬೇಕಾಗಬಹುದು. ಆಯುಸ್ಸು ಕೆಲವು ವಾರದಿಂದ ಹಿಡಿದು ಒಂದು ವರ್ಷಕ್ಕೂ ಮೀರಿ ಇರುತ್ತದೆ. ಭೂಮಿ ಗುಂಡಗಿದ್ದು ತಿರುಗುತ್ತಿರುವುದರಿಂದ ಹೆಚ್ಚಿನವು ನಿಧಾನವಾಗಿ ಪಶ್ಚಿಮಕ್ಕೆ ಜರುಗುತ್ತಾ ಹೋಗುತ್ತವೆ.

ಉತ್ತರ ಗೋಳಾರ್ಧದಲ್ಲಿ ಬೆಚ್ಚಗಿನ ಸುಳಿ ಪ್ರದಕ್ಷಿಣೆಯ ದಿಕ್ಕಿನಲ್ಲಿ ತಿರುಗುತ್ತದೆ. ಬಿಸಿನೀರು ಹಿಗ್ಗುವುದರಿಂದ ಅದರ ನಡುವೆ ಸಮುದ್ರದ ಮಟ್ಟ ಹತ್ತಿಪ್ಪತ್ತು ಸೆಂಟಿಮೀಟರ್ ಉಬ್ಬಿರುತ್ತದೆ. ಒಳಗೆ ಮಾತ್ರ ಉಲ್ಟಾ. ಬೆಚ್ಚಗಿನ ಮೇಲ್ಪದರ ಹತ್ತಾರು ಮೀಟರ್ ಕೆಳಕ್ಕೆ ಜಗ್ಗಿರುತ್ತದೆ, ಅಂದರೆ ಬಿಸಿನೀರಿನ ದಾಸ್ತಾನು ದಪ್ಪಗಿರುತ್ತದೆ. ತಣ್ಣಗಿನ ಸುಳಿಯಲ್ಲಿ ಇದೆಲ್ಲ ತದ್ವಿರುದ್ಧ. ಮಟ್ಟ ತಗ್ಗು, ತಿರುಗುವುದು ಅಪ್ರದಕ್ಷಿಣೆ, ಕೆಳಗಿನ ತಣ್ಣೀರು ಮೇಲಕ್ಕೆ ಬಂದಿರುತ್ತದೆ. ಆ ಹತ್ತಿಪ್ಪತ್ತು ಸೆಂಟಿಮೀಟರ್ ಉಬ್ಬು-ತಗ್ಗನ್ನು ಉಪಗ್ರಹದಿಂದ ಅಳೆಯಬಹುದು. 1992ರಲ್ಲಿ ಹಾರಿದ ಟೋಪೆಕ್ಸ್-ಪೊಸೈಡನ್ ಉಪಗ್ರಹ ಈ ಕೆಲಸಕ್ಕೆ ದೊಡ್ಡ ದಾರಿ ಮಾಡಿಕೊಟ್ಟಿತು. 2013ರಲ್ಲಿ ಇಸ್ರೋ ಮತ್ತು ಫ್ರಾನ್ಸ್ ಸೇರಿ ಹಾರಿಸಿದ ಸರಳ್ ಉಪಗ್ರಹವೂ ಇದೇ ಕೆಲಸದ್ದು.

ಇನ್ನು ಅರಬ್ಬಿ ಸಮುದ್ರಕ್ಕೆ ಬರೋಣ. ನಮ್ಮ ಪಡುಗಡಲಿನ ದೊಡ್ಡ ವಿಶೇಷ ಏನೆಂದರೆ ಅದಕ್ಕೆ ಉತ್ತರದ ಬಾಗಿಲು ಇಲ್ಲ. ಅಟ್ಲಾಂಟಿಕ್‌ನಲ್ಲಿ ಬಿಸಿ ಉತ್ತರಕ್ಕೆ ಹೋಗಿ ತಣ್ಣಗಿನ ದೇಶಗಳ ಗಾಳಿಗೆ ಸೇರಿಬಿಡುತ್ತದೆ. ಇಲ್ಲಿ 25 ಡಿಗ್ರಿ ಅಕ್ಷಾಂಶಕ್ಕೇ ಇರಾನ್, ಪಾಕಿಸ್ತಾನದ ನೆಲ ಅಡ್ಡ ಬರುತ್ತದೆ. ವರ್ಷವಿಡೀ ಬಿಸಿಲು ಕುಡಿಯುವ ಸಮುದ್ರ, ಆದರೆ ಹೊರಹೋಗುವ ದಾರಿ ದಕ್ಷಿಣಕ್ಕೆ ಮಾತ್ರ. ಸಮಭಾಜಕ ವೃತ್ತ ದಾಟಿಯೇ ಬಿಸಿ ಹೊರಹೋಗಬೇಕು.

ಈ ಕೆಲಸ ನಡೆಯುವುದು ಮುಖ್ಯವಾಗಿ ಮಳೆಗಾಲದಲ್ಲಿ. ಬೇರೆ ಉಷ್ಣವಲಯದ ಸಮುದ್ರಗಳು ಜೂನ್-ಜುಲೈನಲ್ಲಿ ಬಿಸಿಯೇರುತ್ತಿದ್ದರೆ, ಅರಬ್ಬಿ ಸಮುದ್ರ ಮೇ ತಿಂಗಳಲ್ಲಿ 30 ಡಿಗ್ರಿ ಮುಟ್ಟಿ ಆಗಸ್ಟ್ ಹೊತ್ತಿಗೆ ಎರಡು ಮೂರು ಡಿಗ್ರಿ ಇಳಿಯುತ್ತದೆ. ನೀವು ಕೇಳಿದ್ದು ಇದನ್ನೇ. ಮೋಡ ಕವಿದು ಬಿಸಿಲು ಕಡಿಮೆಯಾಗುವುದು ಒಂದು ಕಾರಣ. ಜೋರು ಗಾಳಿಗೆ ನೀರು ಆವಿಯಾಗಿ ಬಿಸಿ ಗಾಳಿಗೆ ಹೋಗುವುದು ಇನ್ನೊಂದು. ಅದೇ ಗಾಳಿ ಮೇಲಿನ ನೀರನ್ನು ಕಡೆದು ಕೆಳಗಿನ ತಣ್ಣೀರಿಗೆ ಬೆರೆಸುತ್ತದೆ, ಬಿಸಿಯ ಒಂದು ಪಾಲು ಆಳಕ್ಕೆ ಇಳಿಯುತ್ತದೆ. ಇವೆಲ್ಲ ಸೇರಿಯೂ ಲೆಕ್ಕ ಚುಕ್ತಾ ಆಗುವುದಿಲ್ಲ. ಉಳಿದದ್ದನ್ನು ಪ್ರವಾಹಗಳು ಹೊತ್ತೊಯ್ಯುತ್ತವೆ.

ಅದು ಹೀಗೆ. ಭೂಮಿ ತಿರುಗುವುದರಿಂದ ಉತ್ತರ ಗೋಳಾರ್ಧದಲ್ಲಿ ಗಾಳಿ ತಳ್ಳಿದ ಮೇಲ್ಪದರದ ನೀರು ಒಟ್ಟಾರೆ ಗಾಳಿಯ ಬಲಕ್ಕೆ ಸರಿಯುತ್ತದೆ. ನೈಋತ್ಯದಿಂದ ಈಶಾನ್ಯಕ್ಕೆ ಬೀಸುವ ಗಾಳಿಗೆ ಬಲ ಅಂದರೆ ಆಗ್ನೇಯ. ಸಮಭಾಜಕದ ಆಚೆ ಬೀಸುವುದು ಆಗ್ನೇಯದ ಗಾಳಿ, ಅಲ್ಲಿ ನೀರು ಗಾಳಿಯ ಎಡಕ್ಕೆ ಸರಿಯುತ್ತದೆ, ಅಂದರೆ ನೈಋತ್ಯಕ್ಕೆ. ಎರಡೂ ಕಡೆ ಬೆಚ್ಚಗಿನ ಮೇಲ್ನೀರು ದಕ್ಷಿಣದ ದಿಕ್ಕಿಗೇ ಹೋಗುತ್ತದೆ. ಅದರ ಬದಲಿಗೆ ತಂಪಾದ ನೀರು ಆಫ್ರಿಕಾದ ದಡಕ್ಕೆ ಒತ್ತಿಕೊಂಡು ಸೊಮಾಲಿ ಪ್ರವಾಹವಾಗಿ ಉತ್ತರಕ್ಕೆ ಬರುತ್ತದೆ. ಮಳೆಗಾಲದ ತುತ್ತತುದಿಯಲ್ಲಿ ಈ ಪ್ರವಾಹದ ವೇಗ ಸೆಕೆಂಡಿಗೆ ಎರಡು ಮೀಟರ್ ದಾಟುತ್ತದೆ. ಬೆಚ್ಚಗಿನದು ಆಚೆ, ತಂಪಿನದು ಈಚೆ. ಮಳೆಗಾಲದಲ್ಲಿ ಹೀಗೆ ಸಮಭಾಜಕ ದಾಟುವ ಬಿಸಿ 100 ಕೋಟಿ ಮೆಗಾವ್ಯಾಟ್ ಮೀರುತ್ತದೆ. ಚಳಿಗಾಲದಲ್ಲಿ ಗಾಳಿ ತಿರುಗಿದಾಗ ಸೊಮಾಲಿ ಪ್ರವಾಹವೂ ತಿರುಗುತ್ತದೆ, ಬಿಸಿ ಉತ್ತರಕ್ಕೆ ಬರುತ್ತದೆ. ವರ್ಷದ ಕೊನೆಗೆ ಕೂಡಿ ಕಳೆದರೆ ದಕ್ಷಿಣಕ್ಕೆ ಹೋದದ್ದೇ ಜಾಸ್ತಿ.

ಸೊಮಾಲಿಯಾದ ಎದುರಿಗೇ ಪ್ರಪಂಚದ ಅತಿ ದೊಡ್ಡ ಸುಳಿಗಳಲ್ಲಿ ಒಂದು ಇದೆ. ನಾವಿಕರು ಅದನ್ನು ಗ್ರೇಟ್ ವರ್ಲ್ ಅನ್ನುತ್ತಾರೆ. 5ರಿಂದ 10 ಡಿಗ್ರಿ ಉತ್ತರ ಅಕ್ಷಾಂಶದ ನಡುವೆ, ಸುಮಾರು 400-600 ಕಿಲೋಮೀಟರ್ ಅಗಲ, ಪ್ರತಿ ಮಳೆಗಾಲವೂ ತಪ್ಪದೆ ಬರುತ್ತದೆ. ಅದರ ಉತ್ತರದ ಅಂಚಿನಲ್ಲಿ ದಡದಿಂದ ನೀರು ಹೊರಕ್ಕೆ ಎಳೆದುಕೊಳ್ಳುವುದರಿಂದ ಆಳದ ತಣ್ಣೀರು ಮೇಲೆದ್ದು ಬರುತ್ತದೆ. ಉಷ್ಣವಲಯದ ನಡುವೆ, ಸುಡುವ ಮರುಭೂಮಿಯ ಪಕ್ಕದಲ್ಲಿ, ಸಮುದ್ರದ ಮೇಲ್ಮೈ 20 ಡಿಗ್ರಿಗಿಂತಲೂ ಕೆಳಗೆ ಇಳಿಯುವುದುಂಟು! ಗ್ರೇಟ್ ವರ್ಲ್ ಆ ತಣ್ಣೀರನ್ನು ತನ್ನ ಅಂಚಿಗೆ ಸುತ್ತಿಕೊಂಡು ನೂರಾರು ಕಿಲೋಮೀಟರ್ ಒಳಗೆ, ತೆರೆದ ಸಮುದ್ರಕ್ಕೆ ಎಸೆಯುತ್ತದೆ. ದಡದಲ್ಲಿ ಎದ್ದ ತಂಪು ನಡುಗಡಲಿಗೆ ತಲುಪುವುದರಲ್ಲಿ ಈ ಸುಳಿಯ ಪಾಲು ದೊಡ್ಡದು.

ಕುಂದಾಪುರಕ್ಕೂ ಸೊಮಾಲಿಯಾಕ್ಕೂ ಎರಡೂವರೆ ಸಾವಿರ ಕಿಲೋಮೀಟರ್ ದೂರ. ನಮ್ಮ ಕಡೆಯ ಕಥೆ ಬೇರೆಯೇ ಇದೆ. ನನಗೆ ಅರಬ್ಬಿ ಸಮುದ್ರದಲ್ಲಿ ಅತಿ ಇಷ್ಟವಾದ ಭಾಗವೂ ಇದೇ. ಯಾಕೆಂದರೆ ನಮ್ಮ ಕರಾವಳಿಯ ನೀರನ್ನು ಆಳುವುದು ಇಲ್ಲಿನ ಗಾಳಿ ಮಾತ್ರ ಅಲ್ಲ, ಬಂಗಾಳ ಕೊಲ್ಲಿಯ ಗಾಳಿ ಕೂಡ.

ಬಂಗಾಳ ಕೊಲ್ಲಿಯಲ್ಲಿ ಗಾಳಿ ಬದಲಾದಾಗ ದಡಕ್ಕೆ ಅಂಟಿಕೊಂಡು ಒಂದು ಅಲೆ ಹೊರಡುತ್ತದೆ. ಕೆಲ್ವಿನ್ ಅಲೆ ಅಂತ ಹೆಸರು. ಕಣ್ಣಿಗೆ ಕಾಣುವಂಥದ್ದಲ್ಲ. ಉದ್ದ ನೂರಾರು ಕಿಲೋಮೀಟರ್, ಎತ್ತರ ಗೇಣಿಗಿಂತ ಜಾಸ್ತಿ ಇರುವುದಿಲ್ಲ. ಅದು ಯಾವಾಗಲೂ ದಡವನ್ನು ಬಲಕ್ಕಿಟ್ಟುಕೊಂಡು ಸಾಗುತ್ತದೆ. ಆಂಧ್ರ, ತಮಿಳುನಾಡಿನ ಕರಾವಳಿ ಇಳಿದು, ಶ್ರೀಲಂಕಾ ಸುತ್ತಿ, ಕೇರಳ ದಾಟಿ ನಮ್ಮ ಕಡೆಗೆ ಬರುತ್ತದೆ. ನವೆಂಬರ್‌ನಿಂದ ಫೆಬ್ರವರಿವರೆಗೆ ನಮ್ಮ ದಡದ ಪ್ರವಾಹ ಉತ್ತರಕ್ಕೆ ಹರಿಯುವುದಕ್ಕೆ ಈ ಅಲೆಗಳು ದೊಡ್ಡ ಕಾರಣ. ಆಗ ಇಲ್ಲಿ ಬೀಸುವ ಸಾಧಾರಣ ಗಾಳಿ ಉತ್ತರದ ಕಡೆಯಿಂದಲೇ, ಅಂದರೆ ಪ್ರವಾಹ ಹರಿಯುವುದು ಗಾಳಿಗೆ ಎದುರಾಗಿ. ಗಾಳಿಯೊಂದನ್ನೇ ನೋಡಿದವರಿಗೆ ಇದು ಬಿಡಿಸಲಾಗದ ಒಗಟು.

ಈ ಪ್ರವಾಹ ಕೊಲ್ಲಿಯ ನೀರನ್ನೂ ಜೊತೆಗೆ ತರುತ್ತದೆ. ಗಂಗೆ, ಬ್ರಹ್ಮಪುತ್ರ, ಗೋದಾವರಿಯ ಸಿಹಿನೀರು ಬೆರೆತು ಉಪ್ಪು ಕಡಿಮೆಯಾದ ನೀರು ಅದು. ಹಗುರ, ಹಾಗಾಗಿ ಮೇಲೆಯೇ ತೇಲುತ್ತದೆ. ಅದೇ ಹೊತ್ತಿಗೆ ಲಕ್ಷದ್ವೀಪದ ಬಳಿ ದೊಡ್ಡದೊಂದು ಬೆಚ್ಚಗಿನ ಸುಳಿ ಹುಟ್ಟುತ್ತದೆ, ಇದು ಲಕ್ಷದ್ವೀಪ ಹೈ. ದಡಕ್ಕೆ ಬಂದ ಕೆಲ್ವಿನ್ ಅಲೆಯ ಶಕ್ತಿ ಅಲ್ಲಿಂದ ಪಶ್ಚಿಮಕ್ಕೆ ಹರಡಿ ಈ ಸುಳಿ ಆಗುತ್ತದೆ ಎಂಬುದನ್ನು ಗೋವಾದ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆಯ ಡಿ. ಶಂಕರ್ ಮತ್ತು ಎಸ್. ಆರ್. ಶೆಟ್ಯೆ 1997ರಲ್ಲಿ ವಿವರಿಸಿದರು. ಮಳೆಗಾಲದಲ್ಲಿ ಅದೇ ಜಾಗದಲ್ಲಿ ತಣ್ಣಗಿನ ಸುಳಿ, ಲಕ್ಷದ್ವೀಪ ಲೋ.

ಕೊಲ್ಲಿಯ ಹಗುರ ನೀರು, ಚಳಿಗಾಲದ ಬೆಚ್ಚಗಿನ ಸುಳಿ ಎರಡೂ ಸೇರಿ ಏನಾಗುತ್ತದೆ ನೋಡಿ. ಮೇಲೆ ಹಗುರವಾದ ತೆಳು ಪದರ, ಕೆಳಗೆ ಉಪ್ಪಿನ ಭಾರವಾದ ನೀರು. ಎರಡೂ ಸುಲಭಕ್ಕೆ ಬೆರೆಯುವುದಿಲ್ಲ. ಫೆಬ್ರವರಿ ನಂತರ ಬಿಸಿಲು ಏರಿದಾಗ ಆ ಬಿಸಿ ಆಳಕ್ಕೆ ಇಳಿಯದೆ ಮೇಲಿನ ಪದರದಲ್ಲೇ ಸಿಕ್ಕಿಕೊಳ್ಳುತ್ತದೆ. ಕೆಳಗೆ ಸುಳಿ ಮೊದಲೇ ತಣ್ಣೀರನ್ನು ಆಳಕ್ಕೆ ತಳ್ಳಿರುತ್ತದೆ, ಹಾಗಾಗಿ ತಂಪು ಮೇಲೆ ಬರುವ ಭಯವೂ ಕಡಿಮೆ. ಏಪ್ರಿಲ್-ಮೇ ಹೊತ್ತಿಗೆ ಆಗ್ನೇಯ ಅರಬ್ಬಿ ಸಮುದ್ರ 30 ಡಿಗ್ರಿ ದಾಟಿ, ಆಗ ಪ್ರಪಂಚದ ಅತಿ ಬಿಸಿ ಸಮುದ್ರಗಳ ಸಾಲಿಗೆ ಸೇರುತ್ತದೆ. ಕೆಲವು ವರ್ಷ ಮುಂಗಾರನ್ನು ಎಳೆದು ತರುವ ವಾಯುಭಾರ ಕುಸಿತ ಹುಟ್ಟುವುದು ಇದರ ಮೇಲೆಯೇ. ಕೊಲ್ಲಿಯ ನದಿಗಳ ನೀರು, ಡಿಸೆಂಬರಿನ ಪ್ರವಾಹ, ಲಕ್ಷದ್ವೀಪದ ಸುಳಿ, ಮೇ ತಿಂಗಳ ಬಿಸಿ, ಜೂನಿನ ಮೊದಲ ಮಳೆ ಎಲ್ಲ ಒಂದೇ ಸರಪಳಿ. ಇದನ್ನು ಅಳೆಯುವುದಕ್ಕೇ 2002-03ರಲ್ಲಿ ಆರ್ಮೆಕ್ಸ್ ಎಂಬ ದೊಡ್ಡ ಪ್ರಯೋಗವನ್ನು ಭಾರತದ ವಿಜ್ಞಾನಿಗಳು ನಡೆಸಿದರು.

ಮಳೆಗಾಲ ಶುರುವಾದ ಮೇಲೆ ನಮ್ಮ ದಡದ ಪ್ರವಾಹ ದಕ್ಷಿಣಕ್ಕೆ ತಿರುಗುತ್ತದೆ, ಮೇಲಿನ ನೀರು ದಡದಿಂದ ದೂರ ಸರಿಯುತ್ತದೆ, ಕೆಳಗಿನ ತಣ್ಣೀರು ದಡದ ಕಡೆಗೆ ಏರುತ್ತದೆ. ಹಾಗಾಗಿಯೇ ನದಿಗಳೆಲ್ಲ ತುಂಬಿ ಹರಿಯುವ ಕಾಲದಲ್ಲಿ ನಮ್ಮ ಕರಾವಳಿಯಲ್ಲಿ ಸಮುದ್ರದ ಸರಾಸರಿ ಮಟ್ಟ ಡಿಸೆಂಬರಿಗಿಂತ ಕೆಳಗಿರುತ್ತದೆ. ನಂಬುವುದು ಕಷ್ಟ, ಆದರೆ ಬಂದರುಗಳ ಅಳತೆ ಹೇಳುವುದು ಅದನ್ನೇ. ಮೇಲೆ ಮಳೆನೀರಿನ ತೆಳು ಹೊದಿಕೆ ಇರುವುದರಿಂದ ತಂಪು ಮೇಲ್ಮೈಯಲ್ಲಿ ಅಷ್ಟಾಗಿ ಕಾಣುವುದಿಲ್ಲ. ಆಗಸ್ಟ್-ಸೆಪ್ಟೆಂಬರ್‌ನಲ್ಲಿ ಅಳತೆಯ ಉಪಕರಣ ಇಳಿಬಿಟ್ಟರೆ ಕೆಲವೇ ಮೀಟರ್ ಕೆಳಗೆ ಉಷ್ಣತೆ ಐದಾರು ಡಿಗ್ರಿ ಕುಸಿಯುತ್ತದೆ. ಆ ನೀರಿನಲ್ಲಿ ಗೊಬ್ಬರದಂಥ ಪೋಷಕಾಂಶ ಜಾಸ್ತಿ, ಆಮ್ಲಜನಕ ಕಡಿಮೆ. ಬೂತಾಯಿ, ಬಂಗುಡೆಗೆ ಬೇಕಾದ ಸೂಕ್ಷ್ಮ ಸಸ್ಯಗಳು ಬೆಳೆಯುವುದು ಆ ಪೋಷಕಾಂಶದಿಂದ. ಆಮ್ಲಜನಕ ತೀರಾ ಕಡಿಮೆಯಾದಾಗ ತಳದ ಮೀನು ಜಾಗ ಬಿಟ್ಟು ಓಡುವುದಕ್ಕೂ ಅದೇ ನೀರು ಕಾರಣ.

ಇದರಿಂದ ಒಂದು ವಿಷಯ ಸ್ಪಷ್ಟವಾಗುತ್ತದೆ, ನಾನು ಇದನ್ನು ಒತ್ತಿ ಹೇಳಬಯಸುತ್ತೇನೆ. ಸಮುದ್ರ ಎಷ್ಟು ಬಿಸಿ ಅಂತ ಕೇಳಿದಾಗ ಮೇಲ್ಮೈಯ ಡಿಗ್ರಿ ಹೇಳಿ ಸುಮ್ಮನಾಗುವುದು ಸಾಲದು. ಬಿಸಿನೀರು ಎಷ್ಟು ಆಳದವರೆಗೆ ಇದೆ ಅನ್ನುವುದನ್ನೂ ಹೇಳಬೇಕು. ಚಂಡಮಾರುತ ಬಂದಾಗ ಈ ವ್ಯತ್ಯಾಸ ಜೀವನ್ಮರಣದ ಪ್ರಶ್ನೆ. ಚಂಡಮಾರುತ ತನ್ನ ಕೆಳಗಿನ ಸಮುದ್ರವನ್ನು ಕಡೆಯುತ್ತದೆ. ಬಿಸಿಪದರ ತೆಳುವಾಗಿದ್ದರೆ ತಣ್ಣೀರು ಮೇಲೆ ಬಂದು ಅದರ ಶಕ್ತಿ ತಗ್ಗುತ್ತದೆ. ಕೆಳಗೆ ಬೆಚ್ಚಗಿನ ಸುಳಿ ಇದ್ದರೆ ಎಷ್ಟು ಕಡೆದರೂ ಬಿಸಿನೀರೇ ಬರುತ್ತದೆ. 2005ರಲ್ಲಿ ಅಮೆರಿಕದ ಕತ್ರಿನಾ ಚಂಡಮಾರುತ ಮೆಕ್ಸಿಕೋ ಕೊಲ್ಲಿಯಲ್ಲಿ ಅಷ್ಟು ಬೇಗ ಬಲಗೊಂಡದ್ದು ಅಲ್ಲಿನ ಲೂಪ್ ಪ್ರವಾಹದ ದಪ್ಪನೆಯ ಬಿಸಿನೀರಿನ ಮೇಲೆ ಹಾದಾಗ. ಹವಾಮಾನ ಬದಲಾವಣೆಯಿಂದ ಭೂಮಿಯಲ್ಲಿ ಉಳಿದುಕೊಳ್ಳುತ್ತಿರುವ ಹೆಚ್ಚುವರಿ ಬಿಸಿಯಲ್ಲಿ ಶೇಕಡ 90ರಷ್ಟು ಸಮುದ್ರಕ್ಕೇ ಹೋಗುತ್ತಿದೆ. ಹಾಗಾಗಿ ಈ ಆಳದ ಲೆಕ್ಕ ಇನ್ನು ಮುಂದೆ ನಮಗೆ ಇನ್ನೂ ಜಾಸ್ತಿ ಬೇಕಾಗುತ್ತದೆ.

ಆಳದ ಲೆಕ್ಕ ಕೊಡುವವು ಆರ್ಗೋ ತೇಲುಗಳು. ಮನುಷ್ಯನ ಎತ್ತರದಷ್ಟು ಕೊಳವೆ. ಸಾವಿರ ಮೀಟರ್ ಆಳದಲ್ಲಿ ತೇಲುತ್ತಾ ಇದ್ದು, ಹತ್ತು ದಿನಕ್ಕೊಮ್ಮೆ ಎರಡು ಸಾವಿರ ಮೀಟರಿಗೆ ಇಳಿದು, ಅಲ್ಲಿಂದ ಮೇಲಕ್ಕೆ ಬರುತ್ತಾ ಬಿಸಿ ಮತ್ತು ಉಪ್ಪನ್ನು ಅಳೆದು ಉಪಗ್ರಹಕ್ಕೆ ಕಳಿಸುತ್ತದೆ. ಪ್ರಪಂಚದ ಸಮುದ್ರಗಳಲ್ಲಿ ಇಂಥವು ಸುಮಾರು ನಾಲ್ಕು ಸಾವಿರ ಇವೆ, ಭಾರತ ಬಿಟ್ಟವೂ ಇವೆ. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ನಮ್ಮ ಕಡೆಯ ಇಂಥ ಮಾಹಿತಿಯನ್ನು ನೋಡಿಕೊಳ್ಳುತ್ತದೆ. ಮೀನು ಎಲ್ಲಿ ಸಿಗಬಹುದು ಅಂತ ಮೀನುಗಾರರಿಗೆ ಬರುವ ಮುನ್ಸೂಚನೆಯೂ ಅಲ್ಲಿಂದಲೇ.

ನಿಮಗೆ ನಿಜಕ್ಕೂ ಒಂದು ಸುಳಿಯನ್ನು ನೋಡಬೇಕು ಅಂತಿದ್ದರೆ ಡಿಸೆಂಬರಿನಲ್ಲಿ ಸಮುದ್ರ ಮಟ್ಟದ ಏರಿಳಿತದ ನಕ್ಷೆಯನ್ನು ತೆರೆಯಿರಿ. ಇಂಥ ನಕ್ಷೆಗಳು ಎಲ್ಲರಿಗೂ ಉಚಿತವಾಗಿ ಸಿಗುತ್ತವೆ. ಕೇರಳದ ಪಶ್ಚಿಮಕ್ಕೆ, ಲಕ್ಷದ್ವೀಪದ ಸುತ್ತ ಉಬ್ಬಿದ ಒಂದು ಭಾಗ ಕಾಣುತ್ತದೆ. ಹತ್ತು ಹದಿನೈದು ದಿನಕ್ಕೊಮ್ಮೆ ಅದೇ ನಕ್ಷೆಯನ್ನು ಮತ್ತೆ ನೋಡುತ್ತಾ ಹೋಗಿ, ಫೆಬ್ರವರಿ-ಮಾರ್ಚ್ ಹೊತ್ತಿಗೆ ಅದು ಪಶ್ಚಿಮಕ್ಕೆ ಜರುಗಿರುವುದು ಗೊತ್ತಾಗುತ್ತದೆ. ಮೇಲ್ಮೈ ಉಷ್ಣತೆಯ ನಕ್ಷೆಯಲ್ಲಿ ಮಾತ್ರ ಇದನ್ನು ಹುಡುಕಬೇಡಿ. ಆ ತಿಂಗಳುಗಳಲ್ಲಿ ಅಲ್ಲಿನ ಮೇಲ್ಮೈ ಎಲ್ಲ ಕಡೆ ಹೆಚ್ಚೂಕಡಿಮೆ ಒಂದೇ ಬಿಸಿ ಇರುತ್ತದೆ, ಸುಳಿಯ ಬಿಸಿಯೆಲ್ಲ ಅದರ ಕೆಳಗಿದೆ.